ಬೈಯುವವರಿಲ್ಲದ ದಾರಿ

ಆ ದಿನ ಬೆಳಿಗ್ಗೆ ಬಜಾರಿನಲ್ಲಿ ಶಾರ್ಶೆನ್‌ನನ್ನು ಯಾರೂ ಬೈಯಲಿಲ್ಲ.

ಎಂದಿನಂತೆ ಅವನು ತಳ್ಳುಗಾಡಿಯ ಮೇಲೆ ಚೀನಾ ಬೂಟುಗಳ ಮೂಟೆ ಹೇರಿಕೊಂಡು, ಅಂಗಡಿ ಸಾಲುಗಳ ನಡುವಿನ ಇಕ್ಕಟ್ಟಿನಲ್ಲಿ "ದಾರಿ, ದಾರಿ!" ಎಂದು ಕೂಗುತ್ತ ಬಂದ. ಬಲಗಾಲನ್ನು ಎಳೆದು ಹಾಕುತ್ತಿದ್ದುದರಿಂದ ಗಾಡಿಯೂ ಅವನ ಜೊತೆ ಸ್ವಲ್ಪ ಓಲಾಡುತ್ತಿತ್ತು. ಬೇರೆ ದಿನವಾಗಿದ್ದರೆ ಅಷ್ಟರಲ್ಲಿ ಎರಡೂ ಕಡೆಯಿಂದ ಬಾಯಿಗಳು ತೆರೆದುಕೊಂಡಿರುತ್ತಿದ್ದವು. "ಏ ಚಿನ್ನದ ಕಾಲು, ಗೋಲು ಆ ಕಡೆ ಕಣೋ!" "ಚಿನ್ನದ ಕಾಲಿಗೆ ತುಕ್ಕು ಹಿಡಿದಿದೆ, ಎಣ್ಣೆ ಬಿಡ್ರೋ!" ಬಜಾರಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಇಪ್ಪತ್ತು ವರ್ಷಕ್ಕೂ ಹಿಂದೆ ಇದೇ ರಾಜಧಾನಿ ಬಿಷ್ಕೆಕ್‌ನ ಒಂದು ಪತ್ರಿಕೆ ಕೊಟ್ಟ ಬಿರುದು ಅದು; ಈಗ ಮೆಣಸಿನಕಾಯಿ ಮಾರುವ ಹೆಂಗಸರ ಬಾಯಲ್ಲೂ ಅದೇ. ಅವನೂ ಬಿಡುತ್ತಿರಲಿಲ್ಲ. "ನಿನ್ನ ಬಾಯೊಳಗೇ ಹೊಡೀತೀನಿ ನೋಡು ಗೋಲು" ಎಂದು ತಿರುಗಿಸಿ ಕೊಡುತ್ತಿದ್ದ. ದಿನ ಹಾಗೆ ಸಾಗುತ್ತಿತ್ತು.

ಆ ದಿನ ಎರಡೂ ಸಾಲಿನವರು ಗಾಡಿಗೆ ಸುಮ್ಮನೆ ಜಾಗ ಬಿಟ್ಟರು. ಒಬ್ಬಾಕೆ ತನ್ನ ಮೆಣಸಿನ ಚೀಲವನ್ನು ತಾನೇ ಪಕ್ಕಕ್ಕೆ ಎಳೆದುಕೊಂಡಳು. ಶಾರ್ಶೆನ್ ಸಾಲಿನ ಕೊನೆಗೆ, ದೊಲೊತ್‌ನ ಚಪ್ಪಲಿ ಅಂಗಡಿಯ ಮುಂದೆ ಬಂದ. ದೊಲೊತ್ ಅವನ ಊರಿನವನು, ಅವನ ಜೊತೆ ಕುರಿ ಮೇಯಿಸಿದವನು. ದಿನವೂ ಗಾಡಿಯ ಚಕ್ರಕ್ಕೆ ಪೊರಕೆ ಅಡ್ಡ ಹಾಕಿ "ಫೌಲ್!" ಎಂದು ಕೂಗುವುದು ಅವನ ರೂಢಿ. ಅಂದು ಪೊರಕೆ ಗೋಡೆಗೆ ಒರಗಿತ್ತು.

"ಏನೋ, ಇವತ್ತು ಫೌಲ್ ಇಲ್ವಾ?" ಎಂದ ಶಾರ್ಶೆನ್.

"ಗಾಡಿ ಬಿಡು ಶಾರ್ಶೆನ್. ಒಳಗೆ ಬಾ, ಟೀ ಕುಡಿ."

ತನ್ನ ಹೆಸರು ದೊಲೊತ್‌ನ ಬಾಯಲ್ಲಿ ಕೇಳಿ ಅವನಿಗೆ ಹೊಸ ಬೂಟು ಕಚ್ಚಿದ ಹಾಗಾಯಿತು. ಅವನು ಕೂರಲಿಲ್ಲ.

"ನಿಮ್ಮಣ್ಣ ಜುಮಾಶ್ ಫೋನ್ ಮಾಡಿದ್ದ" ಎಂದ ದೊಲೊತ್, ಚಪ್ಪಲಿಯೊಂದರ ಧೂಳು ಒರೆಸುತ್ತ. "ನಿಮ್ಮವ್ವನಿಗೆ ಸ್ವಲ್ಪ ಮೈ ಸರಿಯಿಲ್ವಂತೆ. ಶಾರ್ಶೆನ್ ಒಂದ್ಸಲ ಬಂದು ಹೋಗ್ಲಿ ಅಂದ. ರಾಯಿಂಬೆಕ್ ಇವತ್ತೇ ಆ ಕಡೆ ಹೊರಟಿದಾನೆ. ಅವನ ವ್ಯಾನಲ್ಲಿ ಜಾಗ ಹೇಳಿದೀನಿ."

"ಸ್ವಲ್ಪ ಅಂದ್ರೆ?"

"ಸ್ವಲ್ಪ ಅಂದ್ರೆ ಸ್ವಲ್ಪ. ವಯಸ್ಸಾಗಿದೆ ಅಲ್ವೇನೋ."

"ನಿನಗ್ಯಾಕೆ ಮಾಡ್ದ? ನನ್ನ ಹತ್ರ ಫೋನಿಲ್ವಾ?"

ದೊಲೊತ್ ಒರೆಸಿದ ಚಪ್ಪಲಿಯನ್ನೇ ಮತ್ತೆ ಒರೆಸಿದ.

ಬೆಟ್ಟದ ಜನ ಸಾವಿನ ಸುದ್ದಿಯನ್ನು ದೂರ ಇರುವ ಮಗನಿಗೆ ನೇರವಾಗಿ ಹೇಳುವುದಿಲ್ಲ. ಎದೆ ಒಡೆದೀತು, ದಾರಿಯಲ್ಲಿ ಬಿದ್ದಾನು ಎಂದು ಹೆದರುತ್ತಾರೆ. ಮೊದಲು ಅವನ ಪರಿಚಯದವರಿಗೆ ತಿಳಿಸುತ್ತಾರೆ. ಅವರು "ಸ್ವಲ್ಪ ಮೈ ಸರಿಯಿಲ್ಲ" ಎನ್ನುತ್ತಾರೆ. ಊರು ಹತ್ತಿರವಾದ ಮೇಲೆ ಹಿರಿಯರೊಬ್ಬರು ಕೂರಿಸಿಕೊಂಡು, ಹದ್ದು, ಗೂಡು ಎಂದು ಬಳಸಿ ಬಳಸಿ ಹೇಳುತ್ತಾರೆ. ಅಲ್ಲಿಯವರೆಗೆ ಎಲ್ಲರೂ ಅವನನ್ನು ಹಸುಗೂಸಿನಂತೆ ನೋಡಿಕೊಳ್ಳುತ್ತಾರೆ. ಶಾರ್ಶೆನ್‌ನಿಗೆ ಇದು ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಮನೆಯಲ್ಲಿ ಹೆಂಡತಿ ಕಾಲಿಪಾ ಚೀಲ ಕಟ್ಟಿಟ್ಟಿದ್ದಳು. ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು, ತಿರುಗಲಿಲ್ಲ. ಶಾರ್ಶೆನ್ ಚೀಲಕ್ಕೆ ಕೈ ಹಾಕಿದ. ಬೆಚ್ಚನೆಯ ಬಟ್ಟೆಗಳ ಕೆಳಗೆ, ಮಡಿಸಿ ಮಡಿಸಿ ಚಿಕ್ಕದು ಮಾಡಿದ್ದ ಕಪ್ಪು ನಿಲುವಂಗಿ ಸಿಕ್ಕಿತು. ಅದರ ಜೊತೆಗೆ ಸೊಂಟಕ್ಕೆ ಬಿಗಿಯುವ ಪಟ್ಟಿ. ಗೋಳಿಡಲು ಹೋಗುವ ಮಗ ಉಡುವ ಬಟ್ಟೆ.

"ಇದ್ಯಾಕೆ?" ಎಂದ.

"ಅಲ್ಲಿ ಚಳಿ ಜಾಸ್ತಿ" ಎಂದಳು ಕಾಲಿಪಾ ಒಲೆಗೆ.

ಹಿಂದೊಮ್ಮೆಯೂ ಹೀಗೆಯೇ ಆಗಿತ್ತು.

ಅವನ ಮೊದಲ ಚೆಂಡನ್ನು ಮಾಡಿಕೊಟ್ಟವಳು ಅವನ ಅವ್ವ. ಬೇಸಿಗೆಯ ಹುಲ್ಲುಗಾವಲಿನಲ್ಲಿ ಕುರಿ ಉಣ್ಣೆಗೆ ಬಿಸಿನೀರು ಹಾಕಿ, ಅಂಗೈಯಲ್ಲಿ ಉರುಳಿಸಿ ಉರುಳಿಸಿ, ಕಲ್ಲಿನಷ್ಟು ಗಟ್ಟಿಯಾದ ಉಂಡೆ ಮಾಡಿದ್ದಳು. ಅದು ಪುಟಿಯುತ್ತಿರಲಿಲ್ಲ. ಒದ್ದರೆ ಇಳಿಜಾರಿನಲ್ಲಿ ಹೊಳೆಯವರೆಗೆ ಉರುಳುತ್ತಿತ್ತು. ಹೊಳೆಗೆ ಇಳಿಯುವ ಬೇಸರಕ್ಕೆ ಅವನು ಚೆಂಡನ್ನು ಕಾಲು ಬಿಟ್ಟು ಹೋಗದ ಹಾಗೆ ಇಟ್ಟುಕೊಳ್ಳುವುದನ್ನು ಕಲಿತ. ಜಿಲ್ಲೆಯ ಪಂದ್ಯದಲ್ಲಿ ಅದನ್ನು ಕಂಡ ಮುಕಾಶ್ ಮೇಷ್ಟ್ರು ಅವನನ್ನು ಪಟ್ಟಣದ ಕ್ರೀಡಾಶಾಲೆಗೆ ಕರೆದುಕೊಂಡು ಹೋದರು. ಅಲ್ಲಿಂದ ಅವರದೇ ತಂಡಕ್ಕೆ. ಸಂಬಳ, ಕೊಠಡಿ, ವರ್ಷಕ್ಕೆ ಎರಡು ಜೊತೆ ಬೂಟು. ಬಲಗಡೆಯ ಅಂಚಿನಲ್ಲಿ ಅವನು ಓಡತೊಡಗಿದರೆ ಹಿಡಿಯುವವರಿರಲಿಲ್ಲ.

ಅಪ್ಪ ಒಂದೇ ಒಂದು ಸಲ ಪಂದ್ಯ ನೋಡಲು ಬಂದಿದ್ದ. ಬಿಳಿ ಟೋಪಿ ತೆಗೆಯದೆ ಕೊನೆಯವರೆಗೂ ನಿಂತೇ ನೋಡಿದ. ಮಗ ಗೋಲು ಹೊಡೆದದ್ದರ ಬಗ್ಗೆ ಏನೂ ಹೇಳಲಿಲ್ಲ. "ಎಡಗಡೆ ಒಬ್ಬ ಕುಳ್ಳ ಓಡ್ತಾನೇ ಇದ್ದನಲ್ಲ, ಅವನಿಗೆ ನೀವ್ಯಾರೂ ಒಂದ್ಸಲಾನೂ ಕೊಡಲಿಲ್ಲ. ಯಾಕೆ, ಬಡವನಾ?" ಎಂದು ಕೇಳಿದ. ಶಾರ್ಶೆನ್ ನಕ್ಕುಬಿಟ್ಟಿದ್ದ. ಅಪ್ಪ ಕುರಿ ಕಾಯುವವನು. ಹಿಂಡಿನಿಂದ ಬೇರೆಯಾದದ್ದೇ ಅವನ ಕಣ್ಣಿಗೆ ಮೊದಲು ಬೀಳುತ್ತಿತ್ತು.

ದೇಶ ಸ್ವತಂತ್ರವಾದ ಮರುವರ್ಷ ಅವನ ತಂಡ ದೇಶದ ಕಪ್ ಟೂರ್ನಿಯ ಕೊನೆಯ ಪಂದ್ಯಕ್ಕೆ ಬಂತು. ಆ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಶಾರ್ಶೆನ್‌ನನ್ನು ಯಾರೂ ಬೈಯಲಿಲ್ಲ. ಚೆಂಡನ್ನು ಯಾರಿಗೂ ಬಿಡುವುದಿಲ್ಲವೆಂದು ಸದಾ ಕಿರುಚುತ್ತಿದ್ದ ಗೋಲ್‌ಕೀಪರ್ ಅವನ ಬೂಟಿನ ದಾರ ತಾನೇ ಬಿಗಿದುಕೊಟ್ಟ. ಮುಕಾಶ್ ಮೇಷ್ಟ್ರು, ಯಾರನ್ನೂ ಮುಟ್ಟದ ಮನುಷ್ಯ, ಅವನ ನೆತ್ತಿಯ ಮೇಲೆ ಕೈ ಇಟ್ಟರು. ಇದು ನನ್ನ ಅದೃಷ್ಟದ ದಿನ ಎಂದುಕೊಂಡ ಶಾರ್ಶೆನ್. ಮೈ ಹಗುರಾಗಿ ಆಡಿದ. ಪಂದ್ಯ ಮುಗಿಯುವ ಹೊತ್ತಿಗೆ ಅಂಚಿನಿಂದ ಒಳಗೆ ನುಗ್ಗಿ, ಮೂವರನ್ನು ದಾಟಿ, ಬಲಗಾಲಲ್ಲಿ ಗೆಲುವಿನ ಗೋಲು ಹೊಡೆದ. ಅಂಗಿ ಕಿತ್ತು ಬೀಸಿದ. ಜನ ಅವನನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿಸಿದರು, ಅವನು ಮೇಲೆಯೇ ಕುಣಿದ.

ಆಮೇಲೆ ಕೋಣೆಯಲ್ಲಿ ಅವನ ಸೀಮೆಯ ಮೂವರು ಹಿರಿಯರು ಬೆಂಚಿನ ಮೇಲೆ ಕೂತಿದ್ದರು. "ಬಾ ಮಗನೇ. ಹಳೇ ಹದ್ದು ಗೂಡು ಬಿಟ್ಟು ಹಾರಿತು. ರೆಕ್ಕೆ ಮುರಿದಿದ್ದಕ್ಕಲ್ಲ, ಆಕಾಶ ಕರೆದಿದ್ದಕ್ಕೆ" ಎಂದು ಒಬ್ಬರು ಶುರು ಮಾಡಿದರು. ಪದಕ ಇನ್ನೂ ಅವನ ಕೊರಳಲ್ಲಿತ್ತು.

ಸುದ್ದಿ ಹಿಂದಿನ ದಿನವೇ ಬಂದಿತ್ತು. ಪದ್ಧತಿಗಾಗಿ ಮುಚ್ಚಿಟ್ಟರೋ ಕಪ್ ಗೆಲ್ಲುವುದಕ್ಕಾಗಿಯೋ, ಶಾರ್ಶೆನ್‌ಗೆ ಕೊನೆಗೂ ತಿಳಿಯಲಿಲ್ಲ. ಯಾವುದಕ್ಕಾಗಿ ಎಂದು ಮುಕಾಶ್ ಮೇಷ್ಟ್ರಿಗೂ ತಿಳಿದಿರಲಿಕ್ಕಿಲ್ಲ. ಮರುದಿನ ಮಧ್ಯಾಹ್ನ ಅವನು ಊರು ಸೇರುವಷ್ಟರಲ್ಲಿ ಅಪ್ಪ ಮಣ್ಣಾಗಿದ್ದ. ಅಂಗಳದಲ್ಲಿ ಸಾವಿನ ಬೂದು ಡೇರೆ, ಹೂಳುವವರೆಗೆ ಹೆಣ ಮಲಗಿಸುವ ಉಣ್ಣೆಹಾಸಿನ ಗುಡಾರ, ಇನ್ನೂ ನಿಂತಿತ್ತು. ಅದರ ಬಾಗಿಲಲ್ಲಿ ಅಣ್ಣ ಜುಮಾಶ್ ಕೋಲಿಗೆ ಒರಗಿ ನಿಂತಿದ್ದ. ಗಂಡುಮಕ್ಕಳು ಹಾಗೆ ಕೋಲಿಗೆ ಒರಗಿ, ಬಂದ ಬಂದವರ ಎದುರು ಗೋಳಿಡಬೇಕು. ಅತ್ತು ಅತ್ತು ಅವನ ದನಿ ಹೋಗಿತ್ತು.

"ನಿನ್ನ ಪಾಲಿಂದೂ ನಾನೇ ಅತ್ತೆ" ಎಂದ ಜುಮಾಶ್. "ಗೋಲು ಚೆನ್ನಾಗಿತ್ತಂತೆ. ಮಣ್ಣು ಹಾಕಿ ಇಳೀತಿದ್ವಿ, ರೇಡಿಯೋದಲ್ಲಿ ಬಂತು."

ಅಪ್ಪನಿಗೆ ಒಂದು ಹಿಡಿ ಮಣ್ಣು ಹಾಕದ ಮಗ. ಬೆಟ್ಟದಲ್ಲಿ ಅದಕ್ಕಿಂತ ಕೆಟ್ಟ ಮಾತಿಲ್ಲ. ಜಗಳದಲ್ಲಿಯೂ ಅದನ್ನು ಬಾಯಿಗೆ ತರುವುದಿಲ್ಲ. ಶಾರ್ಶೆನ್ ಗೋರಿಯ ಗುಡ್ಡ ಹತ್ತಲಿಲ್ಲ. ಅವ್ವ ಡೇರೆಯ ಒಳಗಿನಿಂದ ಕೂಗಿದ್ದು ಕೇಳಿಸಿತು. ತಿರುಗಿ ನೋಡದೆ ಬಂದ ಗಾಡಿಯಲ್ಲೇ ಹೊರಟುಬಿಟ್ಟ. ಆಗ ಅವನಿಗೆ ಇಪ್ಪತ್ತನಾಲ್ಕು.

ಮುಂದೆ ಕಜಕಿಸ್ತಾನದ ತಂಡವೊಂದು ಅವನನ್ನು ಕರೆಸಿಕೊಂಡಿತು. ಮಂಡಿ ಊದಿಕೊಂಡರೆ ಸೂಜಿ ಚುಚ್ಚಿ ಮರಗಟ್ಟಿಸಿ ಆಡಿಸುತ್ತಿದ್ದರು. ನೋವಿಲ್ಲದ ಕಾಲು ತನ್ನದಲ್ಲವೇನೋ ಅನ್ನಿಸುತ್ತಿತ್ತು, ಆದರೂ ಆಡಿದ. ಒಂದು ನವೆಂಬರಿನಲ್ಲಿ, ಹೆಪ್ಪುಗಟ್ಟಿದ ಮೈದಾನದಲ್ಲಿ, ಯಾರೂ ಮುಟ್ಟದೆಯೇ ಅವನ ಬಲಮಂಡಿ ಒಳಗಿಂದೊಳಗೆ ಕಿತ್ತುಹೋಯಿತು. ಹತ್ತಿರದಲ್ಲಿದ್ದವರು ಒಣಕಡ್ಡಿ ಮುರಿದ ಸದ್ದು ಕೇಳಿತು ಎಂದರು. ಅಲ್ಲಿಗೆ ಆಟ ಮುಗಿಯಿತು. ಬಿಷ್ಕೆಕ್‌ಗೆ ಬಂದು ಕೆಲವು ವರ್ಷ ಶಾಲೆಯೊಂದರಲ್ಲಿ ಮಕ್ಕಳಿಗೆ ಚೆಂಡು ಕಲಿಸಿದ. ಆ ಮೈದಾನದ ಮೇಲೆ ಕಾರುಗಳ ಬಜಾರು ಬಂತು. ಕೊನೆಗೆ ತಳ್ಳುಗಾಡಿ ಹಿಡಿದ. ಕುಂಟುವವನಿಗೆ ಗಾಡಿಯ ಹಿಡಿಯೇ ಊರುಗೋಲು. ಬಜಾರಿನವರು ಅಣಕಿಸಿದರೆ ಅವನಿಗೆ ಬೇಜಾರಾಗುತ್ತಿರಲಿಲ್ಲ. ಬೈಸಿಕೊಂಡ ದಿನ ಯಾರೂ ಸತ್ತಿರುವುದಿಲ್ಲ ಎಂಬುದು ಅವನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು.

ಅವ್ವ ಕೈಕಾಲು ಗಟ್ಟಿಯಿದ್ದಾಗ ಎರಡು ಸಲ ಬಿಷ್ಕೆಕ್‌ಗೆ ಬಂದು ಹೋಗಿದ್ದಳು. ಆಮೇಲೆ ಫೋನಿನಲ್ಲಿ ಮಾತ್ರ. "ಬಾರೋ" ಎನ್ನುತ್ತಿದ್ದಳು. "ಹಿಮ ಕರಗಲಿ ಅವ್ವ" ಎನ್ನುತ್ತಿದ್ದ. ಹಿಮ ಕರಗಿದ ಮೇಲೆ "ಮಂಡಿ ಸ್ವಲ್ಪ ಸರಿಹೋಗಲಿ" ಎನ್ನುತ್ತಿದ್ದ.

ರಾಯಿಂಬೆಕ್‌ನ ವ್ಯಾನಿನಲ್ಲಿ ಅವನಿಗೆ ಮುಂದಿನ ಸೀಟು ಕೊಟ್ಟಿದ್ದರು. ಹಿಂದೆ ಹಿಟ್ಟಿನ ಮೂಟೆಗಳು ಮಾತ್ರ. ರಾಯಿಂಬೆಕ್ ಅವನಿಗಿಂತ ಹತ್ತು ವರ್ಷ ಚಿಕ್ಕವನು, ಬಾಯಿಬಡುಕ. ದಾರಿಯುದ್ದಕ್ಕೂ ಹಾಡು ಹಾಕಿಕೊಂಡು ತಾನೂ ಕಿರುಚುವವನು. ಇಂದು ಹಾಡು ಇರಲಿಲ್ಲ. ಶಾರ್ಶೆನ್ ಕಣಿವೆಯವರೆಗೆ ತಡೆದುಕೊಂಡ. ಆಮೇಲೆ ತಡೆಯಲಾಗಲಿಲ್ಲ.

"ಏನೋ ಇದು ಓಡಿಸೋದು? ನಮ್ಮಜ್ಜಿ ಕತ್ತೆ ಮೇಲೆ ಇದಕ್ಕಿಂತ ಜೋರಾಗಿ ಹೋಗ್ತಿದ್ಲು."

"ಹೌದಣ್ಣ, ಸ್ವಲ್ಪ ನಿಧಾನ ಆಯ್ತು."

"ಹೌದಣ್ಣ ಅಂತೀಯಲ್ಲೋ! ನನಗೆ ಏನಂತ ಕರೀತಿದ್ದೆ ನೀನು? ಹೇಳು."

"ಅಣ್ಣ ಅಂತಾನೇ ಅಲ್ವಾ."

"ಚಿನ್ನದ ಕಾಲಣ್ಣ ಅಂತಿದ್ದೆ. ಕರಿ."

ರಾಯಿಂಬೆಕ್ ರಸ್ತೆಯನ್ನೇ ನೋಡುತ್ತಿದ್ದ.

"ಹೋದ ವರ್ಷ ಹಳ್ಳಕ್ಕೆ ಇಳಿಸಿದ್ದು ಇದೇ ವ್ಯಾನಲ್ವಾ? ಕುರುಡ ಓಡಿಸಿದ್ರೂ ಅಲ್ಲಿ ಬೀಳ್ತಿರಲಿಲ್ಲ."

"ಇದೇ ಅಣ್ಣ. ನನ್ನದೇ ತಪ್ಪು."

ಶಾರ್ಶೆನ್‌ಗೆ ಇನ್ನು ಉಳಿದಿದ್ದು ಒಂದೇ. "ನಿಮ್ಮಪ್ಪ ಕುರಿ ಕಳ್ಳ" ಎಂದ.

ರಾಯಿಂಬೆಕ್‌ನ ಕತ್ತಿನ ನರ ಉಬ್ಬಿತು. ವ್ಯಾನು ಒಂದು ಕ್ಷಣ ಅತ್ತಿತ್ತ ಆಯಿತು. ಶಾರ್ಶೆನ್ ಉಸಿರು ಬಿಗಿಹಿಡಿದು ಕಾದ. ಬೈಯಿ, ಹೊಡಿ, ದಾರಿಯಲ್ಲಿ ಇಳಿಸಿಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡ. ರಾಯಿಂಬೆಕ್ ಉಗುಳು ನುಂಗಿ, "ಕಾಲು ಚಾಚಿಕೊಂಡು ಕೂತ್ಕೊಳ್ಳಣ್ಣ, ಮಂಡಿ ನೋಯುತ್ತೆ" ಎಂದ.

ದಾರಿಯಲ್ಲಿ ಸಿಗುವ ಕೊಚ್ಕೋರ್ ಊರಿನ ಟೀ ಅಂಗಡಿ ನಡೆಸುತ್ತಿದ್ದವಳು ಸಾಯ್ರಾ ಎಂಬ ದಪ್ಪ ಹೆಂಗಸು. ಅವಳ ನಾಲಗೆಗೆ ಹೆದರಿ ಲಾರಿಯವರು ಬಾಗಿಲಲ್ಲೇ ಬೂಟಿನ ಹಿಮ ಒದರಿ ಒಳಗೆ ಬರುತ್ತಿದ್ದರು. ಇವರು ಒಳಗೆ ಹೋದಾಗಲೂ ಅವಳು ಒಬ್ಬನನ್ನು ಹಿಡಿದು ಜಾಡಿಸುತ್ತಿದ್ದಳು. "ಟೀ ತಣ್ಣಗಾಯ್ತಂತೆ! ಬಾಯಲ್ಲಿಟ್ಟುಕೊಂಡು ಹರಟಿದ್ರೆ ತಣ್ಣಗಾಗದೆ ಕುದಿಯುತ್ತಾ?" ಶಾರ್ಶೆನ್‌ಗೆ ಜೀವ ಬಂದಂತಾಯಿತು. ರಾಯಿಂಬೆಕ್ ಅವಳ ಕಿವಿಯಲ್ಲಿ ಏನೋ ಹೇಳಿದ. ಅವಳ ಮುಖ ಮೆತ್ತಗಾಯಿತು.

ಅವಳು ಅವನ ಮುಂದೆ ಹಾಲು ಉಪ್ಪು ಹಾಕಿದ ಟೀ ಇಟ್ಟಳು, ಬಿಸಿ ರೊಟ್ಟಿ ಇಟ್ಟಳು, ಕೇಳದೆಯೇ ಬೆಣ್ಣೆ ಇಟ್ಟಳು. ಶಾರ್ಶೆನ್ ಟೀ ಬೋಗುಣಿಯನ್ನು ಎತ್ತಿ, ಅವಳ ಕಣ್ಣನ್ನೇ ನೋಡುತ್ತ, ಬಿಳಿ ಮೇಜುಬಟ್ಟೆಯ ಮೇಲೆ ಸುರಿದ. ಲಾರಿಯವರು ಮಾತು ನಿಲ್ಲಿಸಿದರು.

"ಹೋಗ್ಲಿ ಬಿಡಪ್ಪ" ಎಂದಳು ಸಾಯ್ರಾ, ತನ್ನ ಸೆರಗಿನಂಥ ತಲೆವಸ್ತ್ರದ ತುದಿಯಿಂದಲೇ ಒರೆಸುತ್ತ. "ಬಟ್ಟೆ ತಾನೆ. ತೊಳೆದ್ರೆ ಹೋಗುತ್ತೆ."

ಅವನು ಎದ್ದು ಹೊರಗೆ ಬಂದು ಮನೆಗೆ ಫೋನ್ ಮಾಡಿದ. ಅತ್ತಿಗೆ ಎತ್ತಿದಳು.

"ಹೊರಟಿದೀರಾ? ಬನ್ನಿ ಬನ್ನಿ. ದಾರೀಲಿ ಹುಷಾರು."

"ಅವ್ವಂಗೆ ಕೊಡಿ ಅತ್ತಿಗೆ."

ಆ ಕಡೆ ಹೆಂಗಸರ ಗುಂಪಿನ ಗದ್ದಲ ಕೇಳಿಸುತ್ತಿತ್ತು. ಅದರ ಹಿಂದೆ ಏನನ್ನೋ ಕೋಲಿನಿಂದ ಬಡಿಯುವ ಸದ್ದು. ಧಪ್. ಧಪ್.

"ಮಲಗಿದಾರೆ" ಎಂದಳು ಅತ್ತಿಗೆ. ಆಮೇಲೆ, "ನೀವು ಬೇಗ ಬನ್ನಿ" ಎಂದು ಇಟ್ಟುಬಿಟ್ಟಳು.

ವ್ಯಾನು ಮತ್ತೆ ಹೊರಟಿತು. ಈಗ ಶಾರ್ಶೆನ್ ಬೈಗುಳ ಹುಡುಕುವುದನ್ನು ಬಿಟ್ಟು ಸೂರ್ಯನನ್ನು ನೋಡತೊಡಗಿದ. ಹೆಣವನ್ನು ಎಷ್ಟು ಹೊತ್ತು ಕಾಯಿಸುತ್ತಾರೆ? ಅಪ್ಪನಿಗೆ ಎರಡು ದಿನ ಕಾದಿದ್ದರು. ಅವ್ವ ಹೋದದ್ದು ಯಾವಾಗ? ನಿನ್ನೆಯೋ ಮೊನ್ನೆಯೋ? ಕಾಯುವುದು ಬೇಡ, ಅವನು ಹೇಗೂ ಬರುವವನಲ್ಲ ಎಂದು ಜುಮಾಶ್ ಹೇಳಿಬಿಟ್ಟರೆ? ಹೇಳಿದರೆ ತಪ್ಪೇನು? ಅಪ್ಪನ ಮಣ್ಣು ತಪ್ಪಿತು. ಅವ್ವನದೂ ತಪ್ಪಿದರೆ ತಾನು ಯಾವ ನೆಲದಲ್ಲಿ ಹೂಳಿಸಿಕೊಳ್ಳಬೇಕು ಎಂಬುದೇ ಅವನಿಗೆ ತೋಚಲಿಲ್ಲ.

ದೊಲೊನ್ ಘಾಟಿಯಲ್ಲಿ ಗಾಳಿ ಹಿಮವನ್ನು ರಸ್ತೆಗೆ ತಳ್ಳಿತ್ತು. ಲಾರಿಗಳು ಸಾಲಾಗಿ ನಿಂತಿದ್ದವು. ಹಿಮ ತೆಗೆಯುವ ಯಂತ್ರ ಒಂದೇ ಒಂದು ಗಾಡಿಗೆ ಸಾಕಾಗುವಷ್ಟು ದಾರಿ ಕೊರೆದಿತ್ತು. ಅದಕ್ಕಾಗಿ ಚಾಲಕರು ಒಬ್ಬರ ಮೇಲೊಬ್ಬರು ಕಿರುಚಾಡುತ್ತಿದ್ದರು. ರಾಯಿಂಬೆಕ್ ಇಳಿದು ಮುಂದಿನ ಲಾರಿಯವನಿಗೆ ಎರಡು ಮಾತು ಹೇಳಿದ. ಅವನು ಅದರ ಮುಂದಿನವನಿಗೆ ಹೇಳಿದ. ಕಿರುಚಾಟ ನಿಂತಿತು. ಒಂದೊಂದೇ ಲಾರಿ ಅಂಚಿಗೆ ಸರಿಯಿತು. ಚಾಲಕರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಶಾರ್ಶೆನ್ ಬಾಗಿಲು ತೆರೆದು ಹಿಮಕ್ಕೆ ಇಳಿದ. ಕುಂಟುತ್ತ ಹೋಗಿ ಎದುರಿಗಿದ್ದವನ ಅಂಗಿ ಹಿಡಿದ. ಗಡ್ಡ ಮೀಸೆಯ ಮೇಲೆಲ್ಲ ಮಂಜು ಕೂತಿದ್ದ ದೈತ್ಯ ಅವನು.

"ಯಾಕೋ ದಾರಿ ಬಿಡ್ತೀಯಾ? ನಿನ್ನ ಸರದಿ ಅಲ್ವಾ? ಗಂಡಸಲ್ವಾ ನೀನು? ಬೈಯೋ! ಸರದಿ ಮುರೀತಿದಾರೆ ಅಂತ ಬೈಯೋ!"

ದೈತ್ಯ ಅವನ ಕೈ ಬಿಡಿಸಲಿಲ್ಲ. "ಗಟ್ಟಿಯಾಗಿರಣ್ಣ" ಎಂದ. "ಹೋಗು. ನಮಗೇನು, ನಾವು ನಿಲ್ತೀವಿ."

ಅವನನ್ನು ಎತ್ತಿಕೊಂಡ ಹಾಗೆಯೇ ತಂದು ಇಬ್ಬರು ವ್ಯಾನಿಗೆ ಹತ್ತಿಸಿದರು. ಘಾಟಿ ಇಳಿದು ನಾರಿನ್ ಪಟ್ಟಣ ದಾಟಿದ ಮೇಲೆ ಶಾರ್ಶೆನ್ ಚೀಲ ತೆರೆದು, ಕಪ್ಪು ನಿಲುವಂಗಿ ತೊಟ್ಟು, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡ. ರಾಯಿಂಬೆಕ್ ವ್ಯಾನು ನಿಲ್ಲಿಸಿ, ಗಂಟಿಗೆ ಬೆರಳು ಕೊಟ್ಟು ಸಹಾಯ ಮಾಡಿದ. ಅಂದು ಬೂಟಿನ ದಾರ ಬಿಗಿದ ಆ ಗೋಲ್‌ಕೀಪರ್‌ನ ಹಾಗೆಯೇ.

ಊರಿನ ಕವಲಿನಲ್ಲಿ ಹಿಮ ಚಕ್ರದ ಅರ್ಧಕ್ಕಿತ್ತು. ವ್ಯಾನು ಮುಂದೆ ಹೋಗಲಿಲ್ಲ. ಸಲಿಕೆ ತೆಗೆಯುತ್ತೇನೆ, ಕಾಯಿ ಎಂದ ರಾಯಿಂಬೆಕ್. ಶಾರ್ಶೆನ್ ಕಾಯಲಿಲ್ಲ. ಹಿಮದಲ್ಲಿ ಎಡಗಾಲು ಇಡುವುದು, ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಅದರ ಪಕ್ಕಕ್ಕೆ ತಂದು ಇಡುವುದು, ಹಾಗೆ ನಡೆದ. ಒಂದು ಕಾಲದಲ್ಲಿ ಈ ದಾರಿಯನ್ನು ಅವನು ಉಣ್ಣೆ ಚೆಂಡು ಹೊಡೆಯುತ್ತ, ಶಾಲೆಗೆ ತಡವಾಗದ ಹಾಗೆ ಓಡಿದ್ದ. ತಿರುವಿನಲ್ಲಿರುವ ಬಂಡೆಯನ್ನು ದಾಟಿದರೆ ಮನೆಯ ಅಂಗಳ ಕಾಣುತ್ತದೆ. ಡೇರೆ ನಿಂತಿದ್ದರೆ ಅಲ್ಲಿಂದಲೇ ತಿಳಿಯುತ್ತದೆ.

ಬಂಡೆ ದಾಟಿದ. ಡೇರೆ ಇನ್ನೂ ಎದ್ದಿರಲಿಲ್ಲ. ಆದರೆ ಅದರ ಬಾಗಿದ ಗಳುಗಳನ್ನು ಗೋಡೆಗೆ ಒರಗಿಸಿದ್ದರು. ಅದರ ದಪ್ಪ ಉಣ್ಣೆಹಾಸುಗಳನ್ನು ಅಂಗಳದ ಹಿಮದ ಮೇಲೆ ಹರಡಿದ್ದರು. ಹೆಂಗಸರು ಕೋಲು ಹಿಡಿದು ಬಡಿಯುತ್ತಿದ್ದರು. ಧಪ್. ಧಪ್. ಡೇರೆ ಎದ್ದಿಲ್ಲ ಎಂದರೆ ಹೂಳಿಲ್ಲ. ಈ ಸಲ ತಡವಾಗಿಲ್ಲ. ಅವನ ಎದೆಯಲ್ಲಿ ಎದ್ದದ್ದು ಸಂಕಟವೋ ಸಮಾಧಾನವೋ ಅವನಿಗೇ ತಿಳಿಯಲಿಲ್ಲ.

ಮಗನಾದವನು ದೂರದಿಂದಲೇ ಗೋಳಿಡುತ್ತ ಬರಬೇಕು. ಇಪ್ಪತ್ತೆರಡು ವರ್ಷ ಒಳಗೇ ಇಟ್ಟುಕೊಂಡಿದ್ದದ್ದು ಒಮ್ಮೆಲೇ ಹೊರಟಿತು.

"ಅವ್ವಾ! ನನ್ನವ್ವಾ! ನಿನ್ನ ಕೊನೇ ಮುಖ ನೋಡದ ಪಾಪಿ ಬಂದೆ ಅವ್ವಾ! ಅಪ್ಪನಿಗೆ ಮಣ್ಣು ಹಾಕದವನು ಬಂದೆ! ನನ್ನನ್ನು ಬೈಯೋರು ಇನ್ಯಾರವ್ವಾ!"

ಓಡಲು ಹೋಗಿ ಬಿದ್ದ. ಎದ್ದು ಮತ್ತೆ ಕೂಗಿದ. ನಾಯಿಗಳು ಬೊಗಳಿದವು. ಹೆಂಗಸರ ಕೋಲುಗಳು ಮೇಲೆತ್ತಿದಲ್ಲೇ ನಿಂತವು. ಜುಮಾಶ್ ಕೊಟ್ಟಿಗೆಯಿಂದ ಹೊರಗೆ ಬಂದ. ಅವನು ಎದುರು ಗೋಳಿಡಲಿಲ್ಲ, ತಬ್ಬಿಕೊಳ್ಳಲಿಲ್ಲ. ಬಿಳಿಚಿಕೊಂಡು ನಿಂತ. ಅತ್ತಿಗೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಆಗ ಮನೆಯ ಕಿಟಕಿಯ ಚಿಕ್ಕ ಬಾಗಿಲು ಕಿರುಗುಟ್ಟುತ್ತ ತೆರೆಯಿತು.

"ಯಾರದು ಹೀಗೆ ಬಾಯಿ ಬಡ್ಕೊಳ್ಳೋದು? ಈ ಮನೇಲಿ ಯಾರು ಸತ್ತಿದಾರೆ?"

ಶಾರ್ಶೆನ್ ಹಿಮದಲ್ಲಿ ಕೂತುಬಿಟ್ಟ.

"ಅದೇನು ಅಳೋದಾ?" ದನಿ ಸಣ್ಣಗಿತ್ತು, ನಡುನಡುವೆ ಉಸಿರಿಗಾಗಿ ನಿಲ್ಲುತ್ತಿತ್ತು, ಆದರೆ ಅದರ ಮೊನೆ ಹಾಗೆಯೇ ಇತ್ತು. "ನಿಮ್ಮಪ್ಪ ಅವರಪ್ಪನಿಗೆ ಅತ್ತಾಗ ಆಚೆ ಕಣಿವೆ ಕುದುರೆಗಳು ಕಿವಿ ನಿಮಿರಿಸಿದ್ವು. ನಿನ್ನದು ಕೆಸರಲ್ಲಿ ಸಿಕ್ಕಿದ ಟ್ರ್ಯಾಕ್ಟರ್ ಇದ್ದಂಗಿದೆ. ಒಳಗೆ ಬಾ, ಶೀತ ಹಿಡಿಯುತ್ತೆ."

ಜುಮಾಶ್ ಬಂದು ಅವನ ಕಂಕುಳಿಗೆ ಕೈ ಕೊಟ್ಟು ಎತ್ತಿದ.  "ಬದುಕಿರೋರಿಗೆ ಗೋಳಿಟ್ಟೆಯಲ್ಲೋ" ಎಂದ ಹಲ್ಲು ಕಚ್ಚಿ. "ನಾನು ಬೇಡ ಅಂದೆ. ಸಾವಿನ ಜೊತೆ ಆಟ ಬೇಡವ್ವ ಅಂದೆ. ಸತ್ತಾಗ ಹೇಗೆ ಹೇಳಿ ಕಳಿಸ್ತೀರೋ ಹಾಗೇ ಕಳಿಸು, ಇಲ್ಲಾಂದ್ರೆ ಔಷಧಿ ಮುಟ್ಟಲ್ಲ ಅಂತ ಕೂತ್ಲು. ಏನ್ ಮಾಡ್ಲಿ?"

ಒಳಗೆ ಅವ್ವ ದಿಂಬುಗಳಿಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಕಾಲುಗಳು ಊದಿ ಹೊಳೆಯುತ್ತಿದ್ದವು. ತುಟಿ ನೀಲಿ. ನಾರಿನ್‌ನಿಂದ ಬಂದಿದ್ದ ಡಾಕ್ಟರು, ಈ ಹಿಮ ಕರಗುವವರೆಗೆ ಇರುವುದಿಲ್ಲ ಎಂದು ಜುಮಾಶ್‌ಗೆ ಕೊಟ್ಟಿಗೆಯ ಹಿಂದೆ ಹೇಳಿ ಹೋಗಿದ್ದರು. ಅವಳು ಅದನ್ನು ಕಿಟಕಿಯಿಂದ ನೋಡಿಯೇ ತಿಳಿದುಕೊಂಡಿದ್ದಳು.

ಶಾರ್ಶೆನ್ ಅವಳ ಮುಂದೆ ಮಂಡಿಯೂರಬೇಕೆಂದುಕೊಂಡ. ಮಂಡಿ ಮಡಚಲಿಲ್ಲ. ಒಂದು ಕಾಲು ನೇರ ಚಾಚಿಕೊಂಡು, ಅಡ್ಡಡ್ಡವಾಗಿ, ಮುರಿದ ಕುರ್ಚಿಯ ಹಾಗೆ ಕೂತ.

"ಅವ್ವ, ಯಾಕೆ ಹೀಗ್ ಮಾಡ್ದೆ?"

"ಕರೆದ್ರೆ ಬಂದ್ಯಾ? ಹಿಮ ಅಂದೆ, ಮಂಡಿ ಅಂದೆ. ಸತ್ತ ಮೇಲೆ ನೀನು ಬಂದೇ ಬರ್ತಿದ್ದೆ, ಅದು ನನಗ್ಗೊತ್ತು. ಆದ್ರೆ ಆಗ ನಾನು ನೋಡೋಕಾಗ್ತಿತ್ತಾ?" ಅವಳು ಉಸಿರು ಹುಡುಕಿಕೊಂಡಳು. "ಅದಕ್ಕೇ ಸ್ವಲ್ಪ ಮುಂಚೇನೇ ಸತ್ತೆ."

 ಅವಳು ಕೈ ಚಾಚಿ ಅವನ ಬಲಮಂಡಿಯನ್ನು ಮುಟ್ಟಿದಳು. ಉಣ್ಣೆ ಉಂಡೆಯ ಗಟ್ಟಿ ನೋಡುವವಳಂತೆ ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಇದೇನಾ ಅವರು ಚಿನ್ನದ್ದು ಅಂದಿದ್ದು?"

"ಇದೇ."

"ಮೋಸ ಹೋದ್ರು, ಪಾಪ."

ಬೆಳಗಿನಿಂದ ಕಾದಿದ್ದ ಮಾತು. ಶಾರ್ಶೆನ್ ಅವಳ ಊದಿದ ಪಾದಗಳ ಮೇಲೆ ಮುಖ ಇಟ್ಟು ಸದ್ದಿಲ್ಲದೆ ಅತ್ತ. ಅವಳು ಅವನನ್ನು ಅಳಲು ಬಿಟ್ಟಳು. ಸಾಕಾದ ಮೇಲೆ, "ಬೆಳಿಗ್ಗೆ ಅಣ್ಣನ ಜೊತೆ ಗುಡ್ಡ ಹತ್ತಿ ನಿಮ್ಮಪ್ಪನಿಗೆ ಮಣ್ಣು ಹಾಕು. ತಡವಾದ್ರೂ ಬಯ್ಯಲ್ಲ ಅವರು, ಕಾಯೋದು ಅವರಿಗೆ ಅಭ್ಯಾಸ. ಆಮೇಲೆ ಇಲ್ಲೇ ಇರು. ಎರಡನೇ ಸಲ ಹೇಳಿ ಕಳಿಸಲ್ಲ" ಎಂದಳು.

ಜುಮಾಶ್ ಬಾಗಿಲಲ್ಲಿ ಕಾಣಿಸಿಕೊಂಡ. ಅವನ ಕೈಯಲ್ಲಿ ಎರಡು ಕೋಲುಗಳಿದ್ದವು. "ಬೆಳಕಿರೋವಾಗ ಹಾಸು ಬಡಿದು ಮುಗಿಸ್ಬೇಕು. ಹೆಂಗಸರು ಹಾಲು ಕರೆಯೋಕೆ ಹೋದ್ರು" ಎಂದು ಒಂದನ್ನು ತಮ್ಮನ ಕಡೆ ಚಾಚಿದ. ಮುಖ ಬೇರೆ ಕಡೆ ಇತ್ತು.

"ಹುಳ ತಿಂದ ಡೇರೆ ಕೆಳಗೆ ನಾನಂತೂ ಮಲಗಲ್ಲ" ಎಂದಳು ಅವ್ವ. "ಬರೋರು ತೂತು ಎಣಿಸ್ತಾರೆ."

ಅಣ್ಣತಮ್ಮಂದಿರು ಅಂಗಳಕ್ಕೆ ಇಳಿದರು. ಕಡುಬೂದು ಹಾಸುಗಳು ಹಿಮದ ಮೇಲೆ ಬಿದ್ದಿದ್ದವು. ಆಚೆ ಬದಿಗೆ ಜುಮಾಶ್, ಈಚೆ ಬದಿಗೆ ಶಾರ್ಶೆನ್. ಅಪ್ಪನ ಡೇರೆಗೆ ಹೊದಿಸಿದ್ದ ಹಾಸುಗಳೇ ಅವು. ಒಂದೊಂದು ಏಟಿಗೂ ಹಳೆಯ ಹೊಗೆಯ ವಾಸನೆ ಎದ್ದು, ಧೂಳು ಬಿಳಿ ಹಿಮದ ಮೇಲೆ ಕಪ್ಪಗೆ ಕೂರುತ್ತಿತ್ತು.  ಸ್ವಲ್ಪ ಹೊತ್ತಿನಲ್ಲಿ ಏಟುಗಳು ತಾವಾಗಿ ಸರದಿಗೆ ಬಿದ್ದವು.

ಕಿಟಕಿಯಿಂದ ದನಿ ಬಂತು. "ಏ, ನಡುವೆ ಏನು ಬಡೀತೀಯಾ? ಹುಳ ಇರೋದು ಅಂಚಲ್ಲಿ! ಬದುಕೆಲ್ಲ ಅಂಚಲ್ಲೇ ಓಡ್ದೋನಿಗೆ ಅಂಚು ಕಾಣಲ್ವಾ? ಆ ಕಡೆ ಹೋಗು. ಇನ್ನೂ ಆ ಕಡೆ. ಕೋಲು ಹಿಡಿಯೋಕೂ ಬರಲ್ಲ ಇವನಿಗೆ, ಅದೇನು ಕಲಿಸಿದ್ರೋ ಆ ಪಟ್ಟಣದಲ್ಲಿ…"

ದನಿ ಅರ್ಧಕ್ಕೆ ನಿಂತಿತು.

ಶಾರ್ಶೆನ್‌ನ ಕೋಲು ಮೇಲೆತ್ತಿದಲ್ಲೇ ಉಳಿಯಿತು. ಎದುರಿಗೆ ಜುಮಾಶ್‌ನದೂ ಹಾಗೆಯೇ ಉಳಿದಿತ್ತು. ಮೊದಲ ಸಲ ಇಬ್ಬರ ಕಣ್ಣುಗಳು ಕೂಡಿದವು. ಬಾಯಿಂದ ಹೊರಟ ಉಸಿರು ಹೊಗೆಯಾಗಿ ಇಬ್ಬರ ನಡುವೆ ನಿಂತಿತ್ತು. ಕಿಟಕಿಯ ಕಡೆ ತಿರುಗುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಒಳಗೆ ಕೆಮ್ಮು ಕೇಳಿಸಿತು. ಉದ್ದನೆಯ, ಒದ್ದೆ ಕೆಮ್ಮು. ಆಮೇಲೆ ಯಾರೋ ನೀರು ನುಂಗಿದ ಸದ್ದು.

"…ಏನು ನಿಂತ್ಬಿಟ್ರಿ, ಇಬ್ಬರೂ ಕಂಬದ ಹಾಗೆ? ಕತ್ತಲಾಗುತ್ತೆ!"

ಅಣ್ಣ ತಮ್ಮ ಹಾಸಿನ ಅಂಚಿನ ಮೇಲೆ ಕೋಲು ಇಳಿಸಿದರು.